ಇರುಳುಗಣ್ಣು

'ಇರುಳುಗಣ್ಣು' ಎಂಬ ಮಾತನ್ನು ಮೊದಲ ಸಲ ಕೇಳಿದವರು ಅದು ಇರುಳಿನಲ್ಲಿ ಕಾಣುವ ಕಣ್ಣೇ ಇರಬೇಕೆಂದು ಭಾವಿಸಿದರೆ ತಪ್ಪೇನೂ ಇಲ್ಲ. ಹಗಲುವೇಷವೆಂದರೆ ಹಗಲಿನಲ್ಲಿ ಹಾಕುವ ವೇಷವಲ್ಲವೆ? ಆದರೆ ನಿಘಂಟು ತೆರೆದರೆ ಅರ್ಥ ತಲೆಕೆಳಗು. ಇರುಳುಗಣ್ಣೆಂದರೆ ಇರುಳಾದೊಡನೆ ಕಾಣದಾಗುವ ಕಣ್ಣು, ಅದೊಂದು ಬೇನೆ. ನಿಜವಾಗಿ ಇರುಳಿನಲ್ಲಿ ಕಾಣುವ ಕಣ್ಣಿಗೆ ನಮ್ಮಲ್ಲಿ ಹೆಸರೇ ಇಲ್ಲ. ಅಂಥ ಕಣ್ಣು ಗೂಬೆಗೂ ಬೆಕ್ಕಿಗೂ ಉಂಟು, ಮನುಷ್ಯನಿಗಿಲ್ಲ ಎಂದು ನಮ್ಮ ಹಿರಿಯರು ಸುಮ್ಮನಾಗಿದ್ದಿರಬೇಕು. ಆ ಹೆಸರಿಲ್ಲದ ವಸ್ತುವನ್ನು ಏಳು ಸಾವಿರ ರೂಪಾಯಿಯೊಳಗೆ ಕೊಂಡು ತರುತ್ತೇನೆಂದು 2024ರ ಭಾದ್ರಪದದಲ್ಲಿ ಹೊರಟವನು ನಾನು.

ಹೊರಟದ್ದು ಶೋಕಿಗಲ್ಲ. ನಮಗಿರುವುದು ಗುಂಡ್ಲುಪೇಟೆಯ ಕಡೆ, ಕಾಡಿನ ಅಂಚಿಗೆ ಆತುಕೊಂಡಿರುವ ಮೂರು ಎಕರೆ ಹೊಲ. ಎರಡು ಎಕರೆಗೆ ಮುಸುಕಿನ ಜೋಳ, ಉಳಿದದ್ದಕ್ಕೆ ಕಡಲೆಕಾಯಿ. ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಊರಿನ ದಲ್ಲಾಳಿಗೆ ಸುದ್ದಿ ಮುಟ್ಟುವುದು ತಡವಾಗಬಹುದು, ಕಾಡುಹಂದಿಗೆ ತಡವಾಗುವುದಿಲ್ಲ. ಹಂದಿ ತಿನ್ನುವುದಕ್ಕಿಂತ ಕೆಡಿಸುವುದೇ ಹೆಚ್ಚು. ದಂಟನ್ನು ಕೆಡವಿ ಅರ್ಧ ತೆನೆ ಕಡಿದು ಮುಂದಿನದಕ್ಕೆ ಹೋಗುತ್ತದೆ. ಕಡಲೆಕಾಯಿಯ ಸಾಲಿನಲ್ಲಂತೂ ಅದು ಉತ್ತ ಉಳುಮೆಯನ್ನು ನೋಡಿದರೆ ನಮ್ಮ ಎತ್ತುಗಳಿಗೇ ನಾಚಿಕೆಯಾಗಬೇಕು. ಆದಕಾರಣ ಹುಣಸೆಮರದ ಮೇಲಿನ ಅಟ್ಟಣೆಯಲ್ಲಿ ರಾತ್ರಿಯೆಲ್ಲ ಕಾವಲು. ಈ ಕಾವಲನ್ನು ನಮ್ಮ ತಾತ ಮಾಡಿದರು, ಆಮೇಲೆ ಅಪ್ಪ ಮಾಡುತ್ತಿದ್ದರು. ಒಂದು ಕಂಬಳಿ, ಒಂದು ತಗಡಿನ ಡಬ್ಬ, ಒಂದು ಟಾರ್ಚು.

ಆ ವರ್ಷ ಗೌರಿಹಬ್ಬಕ್ಕೆ ನಾನು ಊರಿಗೆ ಹೋದಾಗ ಅಪ್ಪ ಮೊಣಕಾಲಿಗೆ ಅರಿಸಿನದ ಪಟ್ಟು ಹಾಕಿಕೊಂಡು ಜಗುಲಿಯ ಮೇಲೆ ಕುಳಿತಿದ್ದರು. ರಾತ್ರಿ ಹಂದಿಯನ್ನು ಅಟ್ಟಿಕೊಂಡು ಹೋಗುವಾಗ ಬದುವಿನಿಂದ ಕೆಳಕ್ಕೆ ಬಿದ್ದರಂತೆ. ನಲವತ್ತು ವರ್ಷದಿಂದ ನಡೆದಾಡಿದ ಬದು! ಅಪ್ಪ ಮೊದಲು ಹಂದಿಯನ್ನು ಬೈದರು, ಆಮೇಲೆ ಮಳೆಯನ್ನು, ಕೊನೆಗೆ ಬದುವನ್ನೇ. "ಈ ವರ್ಸ ಬದು ಒಂಚೂರು ಪಕ್ಕಕ್ಕೆ ಸರಕಂಡದೆ" ಎಂದರು. ಅವ್ವ ಒಳಗಿನಿಂದ, "ಹೌದು, ಬದುಗೆ ಕಾಲು ಬಂದದೆ" ಎಂದಳು. ನಾನು ಮಾತಾಡಲಿಲ್ಲ. ಮದುವೆ ಮನೆಗಳಲ್ಲಿ ಬಡಿಸಿ ಸಂಪಾದಿಸಿದ್ದೂ ವಿದ್ಯಾರ್ಥಿವೇತನದಲ್ಲಿ ಉಳಿಸಿದ್ದೂ ಸೇರಿ ಏಳು ಸಾವಿರ ನನ್ನಲ್ಲಿತ್ತು. ಸಿನಿಮಾದಲ್ಲಿ ಸಿಪಾಯಿಗಳು ಕಣ್ಣಿಗೆ ಕೊಳವೆ ಕಟ್ಟಿಕೊಂಡು ಕಗ್ಗತ್ತಲಲ್ಲಿ ಹಸಿರು ಲೋಕವನ್ನು ನೋಡುವುದನ್ನು ಕಂಡಿದ್ದೆ. ಅಂಥದೊಂದು ಅಪ್ಪನ ಕಣ್ಣಿಗೆ ಕಟ್ಟಿದರೆ ಬದು ಎಲ್ಲಿಗೆ ಓಡಿಹೋದರೂ ಕಾಣುತ್ತದೆಯೆಂದು ಎಣಿಸಿದೆ.

ನನ್ನ ಮೊದಲ ವ್ಯಾಪಾರ ಹೇಗಾಯಿತೆಂಬುದನ್ನು ಮುಚ್ಚಿಡಬಹುದಿತ್ತು. ಆದರೆ ಮುಂದೆ ಇದೇ ದಾರಿಯಲ್ಲಿ ಎಡವುವ ಮಿತ್ರರಿಗೆ ಉಪಯೋಗವಾದೀತೆಂದು ಹೇಳುತ್ತೇನೆ. ಮೈಸೂರಿನ ಬೀದಿ ಬದಿಯಲ್ಲಿ 'ನೈಟ್ ವಿಷನ್' ಎಂದು ಬರೆದ ಹಳದಿ ಗಾಜಿನ ಕನ್ನಡಕ ಕಂಡಿತು. ಬೆಲೆ ರೂ. 350. ಮಧ್ಯಾಹ್ನದ ಬಿಸಿಲಿನಲ್ಲಿ ಹಾಕಿ ನೋಡಿದೆ. ಲೋಕವೆಲ್ಲ ಬಂಗಾರದ ಹಾಗೆ ಹೊಳೆಯಿತು. ರಾತ್ರಿ ಹಾಸ್ಟೆಲಿನ ಹಿತ್ತಲಲ್ಲಿ ಹಾಕಿ ನೋಡಿದರೆ ಬರಿಗಣ್ಣಿಗೆ ಕಾಣುತ್ತಿದ್ದ ನಲ್ಲಿಯೂ ಕಾಣದಾಯಿತು. ಕಾರಣ ಬಹಳ ಸರಳವಾದದ್ದು. ಬಣ್ಣದ ಗಾಜು ಬೆಳಕಿನಲ್ಲಿ ಒಂದಷ್ಟನ್ನು ತಡೆಯಬಲ್ಲುದೇ ಹೊರತು ಇಲ್ಲದ ಬೆಳಕನ್ನು ತರಲಾರದು. ಕತ್ತಲೆಯಲ್ಲಿ ಹಳದಿ ಕನ್ನಡಕ ಹಾಕುವುದೂ ಹಸಿದಾಗ ಬಾಯಿಗೆ ಕೈ ಅಡ್ಡ ಹಿಡಿಯುವುದೂ ಒಂದೇ. ಆ ಕನ್ನಡಕವನ್ನು ಈಗ ನನ್ನ ಕೊಠಡಿಯ ಗೆಳೆಯ ಜಾತ್ರೆಗಳಿಗೆ ಹಾಕಿಕೊಂಡು ಹೋಗುತ್ತಾನೆ.

ಪೆಟ್ಟು ತಿಂದ ಮೇಲೆ ಓದಲು ಕುಳಿತೆ. ನಮ್ಮದು ಕಲಾ ಕಾಲೇಜು. ಬೆಳಕಿನ ವಿಷಯ ಕೇಳೋಣವೆಂದರೆ ಭೌತಶಾಸ್ತ್ರದ ವಿಭಾಗವೇ ಇಲ್ಲ. ಇತಿಹಾಸದ ವಿದ್ಯಾರ್ಥಿಯಾದ ನಾನು ಇತಿಹಾಸದ ಬಾಗಿಲಿನಿಂದಲೇ ವಿಜ್ಞಾನದ ಮನೆಗೆ ನುಗ್ಗಬೇಕಾಯಿತು. 1800ರಲ್ಲಿ ವಿಲಿಯಂ ಹರ್ಷಲ್ ಎಂಬ ಖಗೋಳಜ್ಞನು ಬಿಸಿಲನ್ನು ಪಟ್ಟಕದಿಂದ ಏಳು ಬಣ್ಣವಾಗಿ ಒಡೆದು, ಬಣ್ಣಬಣ್ಣದಲ್ಲೂ ಉಷ್ಣಮಾಪಕವನ್ನಿಟ್ಟು ನೋಡಿದ. ಕೆಂಪಿನ ಆಚೆ, ಕಣ್ಣಿಗೆ ಏನೂ ಕಾಣದ ಕಡೆಯಲ್ಲಿ ಪಾದರಸ ಇನ್ನೂ ಮೇಲೇರಿತು. ಹೀಗೆ ಅತಿಗೆಂಪು ಕಿರಣ ಮನುಷ್ಯನ ಅರಿವಿಗೆ ಬಂತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರೂ ಅಮೆರಿಕನ್ನರೂ ಈ ಕಾಣದ ಕಿರಣವನ್ನು ದೀಪದಂತೆ ಬೀರಿ, ಅದು ಕಾಣುವ ದುರ್ಬೀನನ್ನು ಬಂದೂಕಿಗೆ ಕಟ್ಟಿದರು. 1945ರಲ್ಲಿ ಓಕಿನಾವಾ ದ್ವೀಪದ ಕಾಳಗದಲ್ಲಿ ಅಮೆರಿಕನ್ನರು ಇದನ್ನು ಬಳಸಿದರು. ಶತ್ರುವಿನ ಬಳಿಯೂ ಅಂಥದೇ ದುರ್ಬೀನಿದ್ದರೆ ದೀಪ ಹಿಡಿದವನೇ ಮೊದಲು ಕಾಣುತ್ತಾನೆಂಬ ಸಣ್ಣ ತೊಡಕೊಂದಿತ್ತು. ಆಮೇಲೆ, 1960ರ ದಶಕದ ವಿಯಟ್ನಾಂ ಯುದ್ಧದ ಹೊತ್ತಿಗೆ, ದೀಪವೇ ಬೇಡದ, ನಕ್ಷತ್ರದ ಬೆಳಕನ್ನೇ ಹೆಚ್ಚಿಸಿ ತೋರಿಸುವ ಕೊಳವೆಗಳು ಬಂದವು. ಬಿದ್ದ ಬೆಳಕನ್ನು ಎಲೆಕ್ಟ್ರಾನುಗಳಾಗಿ ಮಾಡಿ, ಅವುಗಳಿಗೆ ವೇಗ ಕೊಟ್ಟು, ಹೊಳೆಯುವ ತೆರೆಯೊಂದಕ್ಕೆ ಬಡಿಯುವುದು ಅದರ ಹೂರಣ. ಸಿನಿಮಾದ ಆ ಹಸಿರು ಲೋಕ ಇದೇ. ನಮ್ಮ ಕಣ್ಣು ಹಸಿರಿನ ಛಾಯೆಗಳನ್ನು ಚೆನ್ನಾಗಿ ಬೇರ್ಪಡಿಸುತ್ತದೆಂದು ತೆರೆಗೆ ಹಸಿರು ಬಳಿದಿದ್ದಾರೆ.

ಇಂಥ ಕೊಳವೆಯ ಒಳ್ಳೆಯ ಮಾದರಿಗಳ ಬೆಲೆ ಲಕ್ಷಗಳಲ್ಲಿದೆ. ಅಮೆರಿಕದಿಂದ ತರಿಸಬೇಕಾದರೆ ಆ ಸರ್ಕಾರದ ರಫ್ತು ಪರವಾನಗಿ ಬೇರೆ ಬೇಕು. ನಮ್ಮ ಮೂರು ಎಕರೆಯನ್ನು ಮಾರಿ ಕೊಂಡರೆ ಕಾಯುವುದಕ್ಕೆ ಹೊಲ ಉಳಿಯುವುದಿಲ್ಲ. ಇನ್ನೊಂದು ಜಾತಿ ಶಾಖವನ್ನು ಕಾಣುವಂಥದು. ಪ್ರಾಣಿಯ ಮೈಯ ಬಿಸಿಯೇ ಅದಕ್ಕೆ ಬೆಳಕು. ಕಾವಲಿಗೆ ಅದಕ್ಕಿಂತ ಉತ್ತಮವಾದದ್ದಿಲ್ಲವೆಂದು ಈಗಲೂ ನನ್ನ ಅಭಿಪ್ರಾಯ. ಆದರೆ ಅದರ ಮಸೂರವನ್ನು ಮಾಮೂಲು ಗಾಜಿನಿಂದ ಮಾಡಲಾಗುವುದಿಲ್ಲ, ಜರ್ಮೇನಿಯಂ ಎಂಬ ಧಾತು ಬೇಕು. ನನ್ನ ಏಳು ಸಾವಿರ ಅದರ ಮಸೂರದ ಮುಚ್ಚಳಕ್ಕೂ ಸಾಲದು. ಉಳಿದದ್ದು ಬಡವರ ಪಾಲಿನ ಮೂರನೆಯ ಜಾತಿ. ಅದು ವಾಸ್ತವವಾಗಿ ಒಂದು ಡಿಜಿಟಲ್ ಕ್ಯಾಮರಾ, ಪಕ್ಕದಲ್ಲೊಂದು ಅತಿಗೆಂಪು ದೀಪ, ಹಿಂದೆ ಕಣ್ಣಿಡಲು ಪುಟ್ಟ ತೆರೆ. ಇದರ ಮರ್ಮ ತಿಳಿಯಬೇಕಾದರೆ ಟೆಲಿವಿಷನ್ನಿನ ರಿಮೋಟನ್ನು ಫೋನಿನ ಮುಂಬದಿಯ ಕ್ಯಾಮರಾಕ್ಕೆ ತೋರಿಸಿ ಗುಂಡಿ ಒತ್ತಿದರೆ ಸಾಕು. ಬರಿಗಣ್ಣಿಗೆ ಕಾಣದ ದೀಪವೊಂದು ತುದಿಯಲ್ಲಿ ನೇರಿಳೆಯಾಗಿ ಮಿಣುಕುವುದು ಸಾಮಾನ್ಯವಾಗಿ ಕಾಣುತ್ತದೆ. ಅಂದರೆ 1945ರಲ್ಲಿ ಸೈನ್ಯಗಳು ಗುಟ್ಟಾಗಿಟ್ಟಿದ್ದ ವಿದ್ಯೆಯ ತಮ್ಮನೊಬ್ಬ ಈಗ ಎಲ್ಲರ ಜೇಬಿನಲ್ಲೂ ಇದ್ದಾನೆ.

ಅಂಗಡಿಯವನು ಒಳ್ಳೆಯವನು. ಆದರೆ ಡಬ್ಬಿಯ ಮೇಲೆ ಬರೆದದ್ದನ್ನೆಲ್ಲ ಭಕ್ತಿಯಿಂದ ನಂಬುವವನು. "ಕಗ್ಗತ್ತಲಲ್ಲಿ ಮುನ್ನೂರು ಮೀಟರು" ಎಂದು ಡಬ್ಬಿ ಹೇಳುತ್ತಿತ್ತು. ಹಿಂದಿನ ಉಗ್ರಾಣದಲ್ಲಿ ದೀಪ ಆರಿಸಿ ನೋಡಿದರೆ ಹತ್ತಡಿ ದೂರದ ರಟ್ಟಿನ ಪೆಟ್ಟಿಗೆಯ ಅಕ್ಷರವೂ ಸ್ಪಷ್ಟ. ಹತ್ತಡಿಗೆ ಎಲ್ಲ ಯಂತ್ರವೂ ಚೆನ್ನು. ದೀಪದಿಂದ ದೂರ ಎರಡರಷ್ಟಾದರೆ ಅಲ್ಲಿ ಬೀಳುವ ಬೆಳಕು ನಾಲ್ಕನೆಯ ಒಂದು ಪಾಲಾಗುತ್ತದೆಂದು ಓದಿದ್ದೆನಾಗಿ, ಸಂಜೆಯವರೆಗೆ ಕಾದಿದ್ದು ಬೀದಿಯ ಕೊನೆಯ ಕತ್ತಲೆಯ ಮೂಲೆಗೆ ತಿರುಗಿಸಿ ನೋಡಲು ಬಿಡಬೇಕೆಂದು ಹಟ ಹಿಡಿದೆ. ನೂರು ಹೆಜ್ಜೆ ಆಚೆ ಮಲಗಿದ್ದ ದನವೊಂದರ ಕಣ್ಣು ಎರಡು ಬೆಳ್ಳಿಯ ನಾಣ್ಯಗಳಂತೆ ಹೊಳೆಯಿತು. ಅಷ್ಟು ಸಾಕೆನಿಸಿತು. 'ಡಿಜಿಟಲ್ ಜೂಮ್' ಎಂಬುದು ಚಿತ್ರವನ್ನು ಹಿಗ್ಗಿಸುತ್ತದೆಯೇ ವಿನಾ ವಿವರವನ್ನು ಕೂಡಿಸುವುದಿಲ್ಲವೆಂದು ತಿಳಿದಿದ್ದರಿಂದ ಅದಕ್ಕೆ ಹೆಚ್ಚು ಹಣ ಕೊಡಲಿಲ್ಲ. ದೀಪ 940 ನ್ಯಾನೊಮೀಟರಿನದೋ 850ರದೋ ಎಂದು ಕೇಳಿದಾಗ ಅಂಗಡಿಯವನು ನನ್ನನ್ನು ಮೊದಲ ಬಾರಿ ಗೌರವದಿಂದ ನೋಡಿದ. ಮೊದಲನೆಯದು ಪೂರ್ತಿ ಅಗೋಚರ, ಆದರೆ ಹತ್ತಿರಕ್ಕಷ್ಟೆ. ಎರಡನೆಯದರ ಮೂತಿಯಲ್ಲಿ ಬೀಡಿಯ ಕಿಡಿಯಷ್ಟು ಕೆಂಪು ಕಾಣುತ್ತದೆ, ಆದರೆ ದೂರ ಮುಟ್ಟುತ್ತದೆ. ನಾನು ದೂರವನ್ನೇ ಆರಿಸಿದೆ. ಎರಡು ಕಣ್ಣಿನ ಗಾಗಲ್ಸು ಕೈಗೆಟುಕದೆ, ಒಂಟಿಕಣ್ಣಿನದನ್ನು, ಅದೂ ಡಬ್ಬಿ ಹರಿದ ಪ್ರದರ್ಶನದ ಮಾಲನ್ನು ರೂ. 6,400ಕ್ಕೆ ಕೊಂಡೆ. ಉಳಿದ ಇನ್ನೂರೈವತ್ತರಲ್ಲಿ ಸೆಲ್ಲೂ ಬಸ್ಸಿನ ಚಾರ್ಜೂ ಆಗಬೇಕಿತ್ತು. ಅವತ್ತು ಊಟ ಆಗಲಿಲ್ಲ.

ಊರಿಗೆ ಹೋದವನು ಮೊದಲು ಮಾಡಿದ ಕೆಲಸ ಅರಣ್ಯ ಇಲಾಖೆಯ ವಾಚರನಿಗೆ ಅದನ್ನು ತೋರಿಸಿದ್ದು. ಕಾಡಂಚಿನಲ್ಲಿ ರಾತ್ರಿ ಇಂಥ ಯಂತ್ರ ಹಿಡಿದು ಓಡಾಡುವವನನ್ನು ಬೇಟೆಗಾರನೆಂದು ತಿಳಿಯದೆ ಇನ್ನೇನೆಂದು ತಿಳಿಯಬೇಕು? 1972ರ ವನ್ಯಜೀವಿ ಕಾಯಿದೆಯ ಕೈಗೆ ಸಿಕ್ಕಿ ಬಿ.ಎ. ಮುಗಿಸುವುದು ಕಷ್ಟ. "ನೋಡಕ್ಕೆ ಮಾತ್ರ ತಾನೆ?" ಎಂದು ಅವನು ಎರಡು ಸಲ ಕೇಳಿ, ತಾನೂ ಒಂದು ಸಲ ನೋಡಿ, ಹಿಂದಕ್ಕೆ ಕೊಟ್ಟ.

ಮೊದಲ ರಾತ್ರಿ ಅಟ್ಟಣೆಯಲ್ಲಿ ನಾನು ರಾಜನಂತೆ ಕುಳಿತೆ. ಯಂತ್ರವನ್ನು ಬಲಗಣ್ಣಿಗೆ ಹಿಡಿದೆ. ಎದುರಿಗಿದ್ದ ಹುಣಸೆಯ ಎಲೆಗಳು ಸುಣ್ಣ ಬಳಿದಂತೆ ಬೆಳ್ಳಗೆ ಉರಿದವು; ಅದರಾಚೆ ಏನೂ ಇಲ್ಲ. ಹತ್ತಿರದ ಎಲೆಯೇ ದೀಪದ ಬೆಳಕನ್ನೆಲ್ಲ ನುಂಗಿ ಕ್ಯಾಮರಾದ ಮುಖಕ್ಕೆ ಉಗುಳುತ್ತಿತ್ತು. ಕೊಂಬೆ ಸವರಿದ್ದಾಯಿತು. ಎರಡನೆಯ ರಾತ್ರಿ ತುಂತುರು ಮಳೆ. ಒಂದೊಂದು ಹನಿಯೂ ಒಂದೊಂದು ಬಿಳಿಯ ಗೀಟಾಗಿ, ಹೊಲದ ಬದಲು ಹಂಚಿಕಡ್ಡಿಯ ಪೊರಕೆಯೊಂದನ್ನು ನೋಡಿದೆ. ಮೂರನೆಯ ರಾತ್ರಿ ಮಂಜು. ನನ್ನ ಪರದಾಟವನ್ನೆಲ್ಲ ಅಪ್ಪ ಕಂಬಳಿಯೊಳಗಿನಿಂದ ಕೇಳಿಸಿಕೊಳ್ಳುತ್ತಿದ್ದರೇ ವಿನಾ ಏನೂ ಅನ್ನಲಿಲ್ಲ. ಒಂದು ಸಲ ಮಾತ್ರ, "ನೆಟ್ಟುಕೊಂಡು ನೋಡಬ್ಯಾಡ ಕಣ್ಲಾ, ಕತ್ತಲನ್ನ ಓರೆಯಾಗಿ ನೋಡಬೇಕು" ಎಂದರು. ಹಳ್ಳಿಯ ನಂಬಿಕೆಯೆಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಓದಿದಾಗ ನಾಚಿಕೆಯಾಯಿತು: ಮಂದ ಬೆಳಕನ್ನು ಹಿಡಿಯುವ ಕಣಗಳು ಕಣ್ಣಿನ ನಟ್ಟನಡುವೆ ಇಲ್ಲವೇ ಇಲ್ಲ, ಸುತ್ತಣ ಅಂಚಿನಲ್ಲಿವೆ, ಖಗೋಳಜ್ಞರೂ ಮಸುಕಾದ ನಕ್ಷತ್ರವನ್ನು ಓರೆಯಾಗಿಯೇ ನೋಡುತ್ತಾರೆ.

ನಾಲ್ಕನೆಯ ರಾತ್ರಿ ಆಕಾಶ ತೊಳೆದಂತಿತ್ತು. ಯಂತ್ರವೂ ಕೈಗೆ ಹದವಾಗಿತ್ತು. ಎಂಬತ್ತು ತೊಂಬತ್ತು ಮೀಟರಿನವರೆಗೆ ಜೋಳದ ಸಾಲು, ಕಲ್ಲುಕಂಬ, ಒಂದು ಮೊಲ, ಎಲ್ಲವೂ ಬೂದಿಯ ಬಣ್ಣದಲ್ಲಿ ಕಂಡವು. ನಾನು ಅರ್ಧ ಗಂಟೆ ಮೈಮರೆತು ನೋಡಿದೆ. ಸೆಲ್ಲು ಮುಗಿಯಿತು. ಕೆಳಗಿನ ಚೀಲದಲ್ಲಿದ್ದ ಹೊಸ ಸೆಲ್ಲು ತರೋಣವೆಂದು ಯಂತ್ರವನ್ನು ಕಣ್ಣಿನಿಂದ ತೆಗೆದರೆ ಲೋಕವೇ ಇಲ್ಲ! ತೆರೆಯ ಬೆಳಕಿಗೆ ಬಲಗಣ್ಣು ಕುರುಡಾಗಿತ್ತು. ಕತ್ತಲೆಗೆ ಪೂರ್ತಿ ಒಗ್ಗಬೇಕಾದರೆ ಕಣ್ಣಿಗೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಒಗ್ಗಿದ್ದನ್ನು ಕೆಡಿಸಲು ಒಂದು ಕ್ಷಣ ಸಾಕು. ಎಡಗಣ್ಣನ್ನು ಮುಚ್ಚಿಟ್ಟುಕೊಂಡಿರಬೇಕೆಂಬ ಉಪಾಯ ನನಗಿನ್ನೂ ಹೊಳೆದಿರಲಿಲ್ಲ. ಎರಡು ಕಣ್ಣನ್ನೂ ಸರದಿಯ ಮೇಲೆ ಯಂತ್ರಕ್ಕೆ ಒಪ್ಪಿಸಿದ್ದೆ. ತಡವರಿಸುತ್ತ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟೆ. ಅಷ್ಟರಲ್ಲಿ ಅಪ್ಪನ ಕೈ ನನ್ನ ಅಂಗಿಯ ಕೊರಳಪಟ್ಟಿಯನ್ನು ಹಿಡಿಯಿತು.

"ಇಳೀಬ್ಯಾಡ."

ನಾನು ಉಸಿರು ಬಿಗಿಹಿಡಿದು ಕೇಳಿದೆ. ಏನೂ ಇಲ್ಲ. ಆಮೇಲೆ ಬಹಳ ಹತ್ತಿರದಲ್ಲಿ, ಒಗೆಯುವ ಕಲ್ಲಿನ ಮೇಲೆ ಬಟ್ಟೆ ಬಡಿದ ಹಾಗೆ ಒಂದು ಸದ್ದು. ಸ್ವಲ್ಪ ಬಿಟ್ಟು ಇನ್ನೊಂದು. "ಹಂದಿಯಾದ್ರೆ ದಂಟು ಬೀಳೋ ಸದ್ದು" ಎಂದು ಅಪ್ಪ ಕಿವಿಯಲ್ಲಿ ಹೇಳಿದರು, "ಇದು ಬುಡಸಮೇತ ಕಿತ್ತು ಕಾಲಿಗೆ ಬಡಿದು ಮಣ್ಣು ಉದುರಿಸ್ತಾ ಅದೆ." ಆನೆ ಹುಣಸೆಮರದ ಬಲಮಗ್ಗುಲಿಗೇ ಇತ್ತು. ನಾನು ಇಳಿದಿದ್ದರೆ ಅದರ ಮುಂದೆಯೇ ನಿಲ್ಲುತ್ತಿದ್ದೆ. ಕೈಯಲ್ಲಿ ಮುನ್ನೂರು ಮೀಟರಿನ ಯಂತ್ರ, ಎದುರಿಗೆ ಮೂರು ಮಾರಿನ ಆನೆ. ಬಲಗಡೆಗೆ ಯಂತ್ರವನ್ನು ನಾನು ತಿರುಗಿಸಿಯೇ ಇರಲಿಲ್ಲ. ಕೊಳವೆಯ ಮೂಲಕ ನೋಡುವವನಿಗೆ ಕೊಳವೆಯಷ್ಟೇ ಲೋಕ. ಅಪ್ಪ ಡಬ್ಬವನ್ನೂ ಬಡಿಯಲಿಲ್ಲ. ಆನೆ ತನಗೆ ಬೇಕಾದಷ್ಟು ತಿಂದು, ಅರ್ಧ ಗಂಟೆಯ ಮೇಲೆ ಬಂದ ಸದ್ದೇ ಇಲ್ಲದೆ ಹೋಯಿತು. ಹೋಯಿತೆಂಬುದೂ ಅಪ್ಪ ಹೇಳಿದ ಮೇಲೆಯೇ ನನಗೆ ತಿಳಿದದ್ದು.

ಮಹಾಭಾರತದಲ್ಲಿ ಅರ್ಜುನ ಊಟಕ್ಕೆ ಕುಳಿತಾಗ ದೀಪ ಆರಿಹೋಯಿತೆಂದೂ, ಕೈ ತಾನಾಗಿ ಬಾಯಿಗೆ ಹೋಗುವುದನ್ನು ಕಂಡು ಅವನು ಕತ್ತಲಲ್ಲಿ ಬಿಲ್ಲುವಿದ್ಯೆ ಅಭ್ಯಾಸ ಮಾಡಿದನೆಂದೂ ಒಂದು ಕಥೆಯುಂಟು. ಅಪ್ಪನ ವಿದ್ಯೆಯೂ ಅಂಥದೇ ಎಂದು ನಾನು ಅಂದು ಬೆರಗಾದೆ. ಬೆರಗಿನಲ್ಲಿ ಒಂದು ಪ್ರಶ್ನೆ ಕೇಳುವುದನ್ನು ಮರೆತೆ: ಇಷ್ಟು ಬಲ್ಲ ಅಪ್ಪ ಬದುವಿನಿಂದ ಬಿದ್ದದ್ದೇಕೆ?

ಬೆಳಗಿನ ಜಾವ ಹೊಸ ಸೆಲ್ಲು ಹಾಕಿ, ಆನೆ ತುಳಿದ ಸಾಲನ್ನು ನೋಡಿಕೊಂಡು, ಯಂತ್ರವನ್ನು ಅಪ್ಪನ ಕೈಗೆ ಕೊಟ್ಟೆ. ಅದುವರೆಗೆ ಅವರು ಅದನ್ನು ಮುಟ್ಟಿರಲಿಲ್ಲ; "ಹಾಳಾದೀತು" ಎನ್ನುತ್ತಿದ್ದರು. ಎಡಗಣ್ಣಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಬಹಳ ಸಂಕೋಚದಿಂದ, ನನಗೆ ನೋವಾಗಬಾರದೆಂಬ ದನಿಯಲ್ಲಿ, "ಒಳಗೆ ಮಂಜು ತುಂಬ್ಕಂಡದೆ ಕಣ್ಲಾ. ನಿನಗೆ ಮೋಸ ಮಾಡವ್ರೆ" ಎಂದರು. ಇಬ್ಬನಿಯಿಂದ ಗಾಜು ಮಬ್ಬಾಗಿರಬೇಕೆಂದು ಒರೆಸಿ ನೋಡಿದೆ. ನನಗೆ ಕನ್ನಡಿಯಂತೆ ತಿಳಿಯಾಗಿ ಕಾಣುತ್ತಿತ್ತು. ಕಣ್ಣಿಗೆ ಹೊಂದಿಸುವ ಬಳೆಯನ್ನು ತಿರುಗಿಸಿ ಮತ್ತೆ ಕೊಟ್ಟೆ. ಮಂಜು. ಇನ್ನೊಂದು ಕಡೆಗೆ ತಿರುಗಿಸಿದೆ. ಮಂಜು.

"ಅಪ್ಪಾ, ಬಲಗಣ್ಣಿಗೆ ಹಿಡಿ" ಎಂದೆ.

"ಹಾಂ, ಈಗ ಸರಿಹೋಯ್ತು. ಎಲ್ಲಾ ಕಾಣ್ತದೆ" ಎಂದರು ಅಪ್ಪ, ಸಂತೋಷದಿಂದ. ಯಂತ್ರವೇ ಸರಿಹೋಯಿತೆಂದು ಅವರ ಭಾವನೆ. ನನ್ನ ಕೈಕಾಲು ತಣ್ಣಗಾಯಿತು. ಎದುರು ಬರುವ ಮೋಟಾರುಬೈಕಿನ ದೀಪ ಚೆಲ್ಲಿಕೊಂಡ ಹಾಗೆ ಕಾಣುತ್ತದೆಂದು ಅವರು ಎಷ್ಟು ಸಲ ಹೇಳಿರಲಿಲ್ಲ! ಲೋಟಕ್ಕೆ ನೀರು ಬಗ್ಗಿಸುವಾಗ ಪಕ್ಕಕ್ಕೆ ಸುರಿಯುವುದನ್ನು ಅವ್ವ ಎಷ್ಟು ಸಲ ಬೈದಿರಲಿಲ್ಲ! ಒಂದು ಕಣ್ಣು ಚೆನ್ನಾಗಿದ್ದರೆ ಇನ್ನೊಂದರ ಮಬ್ಬು ತಿಳಿಯುವುದಿಲ್ಲ. ಆದರೆ ಬದು ಎಷ್ಟು ದೂರ, ಎಷ್ಟು ಆಳ ಎಂದು ಅಳೆಯುವುದಕ್ಕೆ ಎರಡೂ ಕಣ್ಣು ಬೇಕು. ಕಿವಿ ಅಷ್ಟು ಚುರುಕಾಗಿದ್ದುದರಲ್ಲಿ ಎಷ್ಟು ಪಾಲು ವಿದ್ಯೆ, ಎಷ್ಟು ಪಾಲು ಅನಿವಾರ್ಯ ಎಂದು ಈಗಲೂ ನನಗೆ ಗೊತ್ತಿಲ್ಲ.

ಜಿಲ್ಲಾಸ್ಪತ್ರೆಯಲ್ಲಿ ಡಾಕ್ಟರು ಅಪ್ಪನ ಕಣ್ಣಿಗೆ ದೀಪ ಬಿಟ್ಟು ನೋಡಿ, "ಪೊರೆ, ಚೆನ್ನಾಗಿ ಬಲಿತಿದೆ" ಎಂದರು. ಅಂಧತ್ವ ನಿವಾರಣೆಗೆಂದು 1976ರಿಂದ ರಾಷ್ಟ್ರೀಯ ಕಾರ್ಯಕ್ರಮವೊಂದಿದೆ. ಶಸ್ತ್ರಕ್ರಿಯೆಗೆ ನಮಗೆ ಖರ್ಚಾದದ್ದು ಬಸ್ಸಿಗೂ ಎಳನೀರಿಗೂ ಮಾತ್ರ. ಪೊರೆ ಕಟ್ಟಿದ ಮಸೂರವನ್ನು ತೆಗೆದು ಹೊಸದನ್ನಿಡಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಹೊರಗಿನ ಬೆಂಚಿನ ಮೇಲೆ ಕುಳಿತು ನಾನು ಒಂದು ಲೆಕ್ಕ ಹಾಕಿದೆ: ಹಳದಿ ಕನ್ನಡಕಕ್ಕೆ 350, ಯಂತ್ರಕ್ಕೆ 6,400, ಕಣ್ಣಿಗೆ ಸೊನ್ನೆ. ಈ ಲೆಕ್ಕ ನನ್ನನ್ನು ನೋಡಿ ನಕ್ಕ ಹಾಗಾಯಿತು. ಮೊದಲೇ ಆಸ್ಪತ್ರೆಗೆ ಬರಬಹುದಿತ್ತಲ್ಲ ಎಂದರೆ, ಬರುತ್ತಿರಲಿಲ್ಲ. "ಕಣ್ಣಿಗೇನಾಗಿದೆ, ಬದು ಸರಕಂಡದೆ" ಎನ್ನುವವರನ್ನು ಯಾರು ಕರೆತರುತ್ತಾರೆ?

ಧೂಳು, ನೀರು, ಭಾರ ಯಾವುದೂ ಕೂಡದೆಂದು ಅಪ್ಪನನ್ನು ಜಗುಲಿಯಲ್ಲಿ ಕೂರಿಸಿದ್ದಾಗ, ಹೊಲದಲ್ಲಿ ಉಳಿದಿದ್ದ ಬೆಳೆಗೆ ನಾನೊಬ್ಬನೇ ಕಾವಲು. ಆಗ ಯಂತ್ರದ ಋಣ ಸ್ವಲ್ಪ ತೀರಿತು. ತೆರೆಯ ಬೆಳಕನ್ನು ಅತಿ ಕಡಮೆಗೆ ಇಳಿಸಿ, ಬಲಗಣ್ಣನ್ನು ಯಂತ್ರಕ್ಕೂ ಎಡಗಣ್ಣನ್ನು ಕತ್ತಲೆಗೂ ಮೀಸಲಿಟ್ಟೆ. ಕಾಲು ಗಂಟೆಗೊಮ್ಮೆ ನಾಲ್ಕು ದಿಕ್ಕಿಗೂ ತಿರುಗಿಸಿ ನೋಡಿ ಆರಿಸಿಬಿಡುವುದು, ನಡುವಿನ ಹೊತ್ತು ಕಿವಿಗೆ ಬಿಡುವುದು. ಹಂದಿಯ ಕಣ್ಣು ದನದ ಕಣ್ಣಿನಂತೆ ಹೊಳೆಯುವುದಿಲ್ಲ, ಬೆಳಕನ್ನು ತಿರುಗಿ ಚೆಲ್ಲುವ ಪದರ ಅದಕ್ಕಿಲ್ಲ. ಆದ್ದರಿಂದ ಹೊಳೆಯುವ ಕಣ್ಣನ್ನಲ್ಲ, ಅಲುಗುವ ದಂಟನ್ನು ಹುಡುಕಬೇಕೆಂದು ಕಲಿತೆ. ಬೆಳದಿಂಗಳ ರಾತ್ರಿಗಳಲ್ಲಿ ಮಾತ್ರ ನಮ್ಮ ಮೇಷ್ಟರೊಬ್ಬರು ಎರವಲು ಕೊಟ್ಟ ಹಕ್ಕಿ ನೋಡುವ ದುರ್ಬೀನೇ ಮೇಲಾಯಿತು. ಅದರ ಮೇಲೆ 7×50 ಎಂದು ಬರೆದಿದೆ. ಐವತ್ತನ್ನು ಏಳರಿಂದ ಭಾಗಿಸಿದರೆ ಏಳು ಮಿಲಿಮೀಟರು, ಹರೆಯದ ಕಣ್ಣಿನ ಪಾಪೆ ಕತ್ತಲಲ್ಲಿ ಅರಳುವುದೂ ಸುಮಾರು ಅಷ್ಟೇ. ಅದಕ್ಕೆ ಸೆಲ್ಲು ಬೇಡ, ಕಣ್ಣನ್ನು ಕುರುಡು ಮಾಡುವುದೂ ಇಲ್ಲ. ಮೊದಲ ಸಲ ಕೊಳ್ಳುವವರು ಯಾರಾದರೂ ನನ್ನನ್ನು ಕೇಳಿದರೆ ಮೊದಲು ಅಂಥದನ್ನೇ ಕೊಳ್ಳಿ ಎನ್ನುತ್ತೇನೆ. ಇದುವರೆಗೆ ಯಾರೂ ಕೇಳಿಲ್ಲ.

ಕೇಳಿದವರಿದ್ದಾರೆ, ಬೇರೆ ಕಾರಣಕ್ಕೆ. ಸಂಕ್ರಾಂತಿಯ ರಜೆಯಲ್ಲಿ ನಾನು ಊರಿನಲ್ಲಿದ್ದಾಗ ಪಕ್ಕದ ಹೊಲದ ದೊಡ್ಡಪ್ಪ ಕೋಲೂರಿಕೊಂಡು ಮನೆಗೆ ಬಂದರು. ಅವರ ಹಿಂದೆ ಇನ್ನಿಬ್ಬರು ಮುದುಕರು, ಒಬ್ಬಳು ಅಜ್ಜಿ. "ನಿಮ್ಮಪ್ಪನ ಕಣ್ಣಿನ ಮಂಜು ತೋರಿಸ್ತಂತಲ್ಲಾ, ಆ ಮಿಸೀನು ಕೊಡಪ್ಪ ಒಂದು ಗಳಿಗೆ" ಎಂದರು. ಕತ್ತಲಾಗುವವರೆಗೆ ಅವರೆಲ್ಲ ಜಗುಲಿಯ ಮೇಲೆ ಕಾದರು. ಅಪ್ಪನೇ ಯಂತ್ರವನ್ನು ಹಿಡಿದುಕೊಂಡು, ಡಾಕ್ಟರಂತೆ ಗಂಭೀರವಾಗಿ, ಒಬ್ಬೊಬ್ಬರನ್ನೇ ಕರೆದು ಕೂರಿಸಿ ಬೀದಿಯ ಬೇವಿನ ಮರವನ್ನು ತೋರಿಸಿದರು. ದೊಡ್ಡಪ್ಪ ಎಡಗಣ್ಣಿಗೆ ಹಿಡಿದರು, ಬಲಗಣ್ಣಿಗೆ ಹಿಡಿದರು, ಮತ್ತೆ ಎಡಗಣ್ಣಿಗೆ ಹಿಡಿದರು.

"ಯಾವ ಕಣ್ಣಲ್ಲಿ ಮಂಜು?" ಎಂದು ಅಪ್ಪ ಕೇಳಿದರು.

"ಮರ ಎಲ್ಲಿದೆ ಹೇಳು ಮೊದಲು" ಎಂದರು ದೊಡ್ಡಪ್ಪ.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ನಾನು ಮತ್ತೆ ಜಿಲ್ಲಾಸ್ಪತ್ರೆಗೆ ಹೊರಟೆ. ಈ ಸಲ ಮೂರು ಜನರ ಜೊತೆಗೆ.